ಬೆಂಜೀನ್ ಅಂಕಿಗಿಂತ ಮೊದಲು ನೀರಿನ ಮಟ್ಟ ನೋಡಿ

ಕಾರ್ಖಾನೆಯೊಂದರ ನೆಲದಡಿಯ ಇಂಧನ ಟ್ಯಾಂಕ್ ಸೋರಿದೆಯೆಂದು ಗೊತ್ತಾದ ಮೇಲೆ, ಸುತ್ತಲೂ ವೀಕ್ಷಣಾ ಬಾವಿಗಳನ್ನು ಕೊರೆದು, ನಿಗದಿತ ಅವಧಿಗೊಮ್ಮೆ ನೀರಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವುದು ವಾಡಿಕೆ. ವರದಿ ಕೈಸೇರಿದೊಡನೆ ಎಲ್ಲರ ಕಣ್ಣು ಹೋಗುವುದು ಇಂಧನದಲ್ಲಿರುವ ವಿಷಕಾರಿ ಅಂಶವಾದ ಬೆಂಜೀನ್‌ನ ಅಂಕಿಯ ಮೇಲೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ; ಅಂಕಿ ಅದಕ್ಕಿಂತ ಕೆಳಗಿದ್ದರೆ ಕಡತ ಮುಚ್ಚುವ ಮಾತು ಶುರುವಾಗುತ್ತದೆ. ನಾನಾದರೋ ಮೊದಲು ನೋಡುವುದು ಮಾದರಿ ತೆಗೆದ ದಿನ ಪ್ರತಿ ಬಾವಿಯಲ್ಲೂ ನೀರು ಎಷ್ಟು ಆಳದಲ್ಲಿತ್ತು ಎಂಬುದನ್ನು. ಅದು ತಿಳಿಯದೆ ಬೆಂಜೀನ್ ಅಂಕಿಯನ್ನು ಓದಲು ಬರುವುದಿಲ್ಲ.

ಪೆಟ್ರೋಲ್, ಡೀಸೆಲ್‌ಗಳು ನೀರಿಗಿಂತ ಹಗುರ. ಸೋರಿದ ಇಂಧನ ಮಣ್ಣಿನೊಳಗೆ ಇಳಿದು, ಅಂತರ್ಜಲದ ಮೇಲ್ಮಟ್ಟವನ್ನು ಮುಟ್ಟಿ, ಅಲ್ಲಿಯೇ ಹರಡಿಕೊಳ್ಳುತ್ತದೆ. ಆದರೆ ಆ ಮಟ್ಟ ನಿಂತಲ್ಲಿ ನಿಲ್ಲುವಂಥದ್ದಲ್ಲ. ಒಣ ತಿಂಗಳುಗಳಲ್ಲಿ ನೀರು ಇಳಿದಾಗ ಇಂಧನವೂ ಜೊತೆಗೇ ಇಳಿಯುತ್ತದೆ. ಮಳೆಯ ನಂತರ ನೀರು ಏರಿದಾಗ ಅದರಲ್ಲಿ ಒಂದಿಷ್ಟು ಮೇಲೇರಿ, ಉಳಿದದ್ದು ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಹನಿಹನಿಯಾಗಿ ಸಿಕ್ಕಿಕೊಂಡು ನೀರಿನಡಿ ಮುಳುಗುತ್ತದೆ. ಹೀಗೆ ವರ್ಷಗಳಲ್ಲಿ ಏರಿಳಿತದ ಅಷ್ಟೂ ದಪ್ಪದ ಮಣ್ಣಿಗೆ ಎಣ್ಣೆ ಬಳಿದಂತಾಗುತ್ತದೆ. ನೀರು ಮೇಲಿರುವ ಕಾಲದಲ್ಲಿ ಬಾವಿಯೊಳಗೆ ತೇಲುತ್ತಿದ್ದ ಪದರ ಮಾಯವಾಗಿದೆಯೆಂದರೆ ನೆಲ ಶುದ್ಧವಾಯಿತೆಂದು ಅರ್ಥವಲ್ಲ. ನೀರು ಇಳಿದ ಕೂಡಲೇ ಅದೇ ಬಾವಿಯಲ್ಲಿ ಅದು ಮತ್ತೆ ಕಾಣಿಸಿಕೊಳ್ಳಬಹುದು.

ಬಾವಿಯ ರಚನೆಯೂ ಇಲ್ಲಿ ಮುಖ್ಯ. ಕೊಳವೆಯ ಸೀಳುಗಳಿರುವ ಭಾಗ ವರ್ಷದ ಅತಿ ಹೆಚ್ಚು ಹಾಗೂ ಅತಿ ಕಡಿಮೆ ನೀರಿನ ಮಟ್ಟಗಳೆರಡನ್ನೂ ಒಳಗೊಂಡಿರಬೇಕು. ಸೀಳುಗಳೆಲ್ಲ ನೀರಿನಡಿಯಲ್ಲಿ ಮುಳುಗಿದ್ದರೆ ತೇಲುವ ಇಂಧನಕ್ಕೆ ಬಾವಿಯೊಳಗೆ ಬರಲು ದಾರಿಯೇ ಇರುವುದಿಲ್ಲ, ಹೊರಗೆ ಅದು ಎಷ್ಟೇ ಇದ್ದರೂ ಒಳಗಿನ ನೀರು ತಿಳಿಯಾಗಿಯೇ ಕಾಣುತ್ತದೆ.

ಮಟ್ಟವನ್ನು ಅಳೆದ ಮೇಲೂ ಒಂದು ತಿದ್ದುಪಡಿ ಬಾಕಿ ಇರುತ್ತದೆ. ಎಣ್ಣೆ ಮತ್ತು ನೀರಿನ ಗಡಿಯನ್ನು ಗುರುತಿಸುವ ಅಳತೆ ಪಟ್ಟಿಯನ್ನು ಬಾವಿಗೆ ಇಳಿಸಿದಾಗ 50 ಸೆಂ.ಮೀ. ದಪ್ಪದ ಡೀಸೆಲ್ ಕಂಡಿತೆನ್ನೋಣ. ಡೀಸೆಲ್‌ನ ಸಾಂದ್ರತೆ ನೀರಿನ ಸುಮಾರು 0.84 ಪಾಲು ಇರುವುದರಿಂದ, ಅದರ ಭಾರ ಬಾವಿಯೊಳಗಿನ ನೀರನ್ನು 42 ಸೆಂ.ಮೀ.ನಷ್ಟು ಕೆಳಕ್ಕೆ ಒತ್ತಿರುತ್ತದೆ. ಇದನ್ನು ಸೇರಿಸದೆ ಅಂತರ್ಜಲ ಮಟ್ಟದ ನಕ್ಷೆ ಬರೆದರೆ ಆ ಬಾವಿಯ ಸುತ್ತ ಇಲ್ಲದ ತಗ್ಗೊಂದು ಮೂಡುತ್ತದೆ. ಆವರಣದ ಎರಡು ಬದಿಗಳ ನಡುವೆ ನೀರಿನ ಮಟ್ಟದ ವ್ಯತ್ಯಾಸವೇ 20–30 ಸೆಂ.ಮೀ. ಇರುವಲ್ಲಿ, ಹರಿವಿನ ದಿಕ್ಕು ನಕ್ಷೆಯಲ್ಲಿ ತಿರುಗಿಬಿಡಬಹುದು. ಆಗ ಯಾರ ಕುಡಿಯುವ ನೀರಿನ ಬಾವಿ ಅಪಾಯದಲ್ಲಿದೆ ಎಂಬ ಪ್ರಶ್ನೆಗೆ ನಾವು ತಪ್ಪು ಉತ್ತರ ಕೊಟ್ಟಿರುತ್ತೇವೆ. ಬಾವಿಯಲ್ಲಿ ಕಾಣುವ ದಪ್ಪವೇ ಮಣ್ಣಿನಲ್ಲೂ ಇದೆಯೆಂದು ಭಾವಿಸಿ ಇಂಧನದ ಪ್ರಮಾಣ ಲೆಕ್ಕಹಾಕುವುದೂ ಸರಿಯಲ್ಲ, ಏಕೆಂದರೆ ಮಣ್ಣಿನ ಸಂದುಗಳನ್ನು ಅದು ನೀರು ಮತ್ತು ಗಾಳಿಯೊಂದಿಗೆ ಹಂಚಿಕೊಂಡಿರುತ್ತದೆ.

ಮಾದರಿ ತೆಗೆಯುವ ವಿಧಾನದಲ್ಲಿ ಅವಸರ ಸಲ್ಲದು. ಬೆಂಜೀನ್ ಬೇಗ ಆವಿಯಾಗುವ ವಸ್ತು. ನೀರನ್ನು ರಭಸದಿಂದ ಎತ್ತಿ ಸುರಿದರೆ ಅದರ ಒಂದು ಪಾಲು ಗಾಳಿಗೆ ಹೋಗಿ, ಅಂಕಿ ಸುಳ್ಳಾಗಿ ಇಳಿಯುತ್ತದೆ. ಆದ್ದರಿಂದ ನಿಮಿಷಕ್ಕೆ 100ರಿಂದ 500 ಮಿ.ಲೀ.ನಷ್ಟು ಮಂದಗತಿಯಲ್ಲಿ ಪಂಪ್ ಮಾಡಿ, ನೀರಿನ ಪಿಎಚ್, ವಿದ್ಯುತ್ ವಾಹಕತೆ ಮತ್ತು ಕರಗಿದ ಆಮ್ಲಜನಕದ ಅಳತೆಗಳು ಒಂದು ಹದಕ್ಕೆ ಬಂದು ನಿಂತ ಮೇಲಷ್ಟೇ 40 ಮಿ.ಲೀ. ಸೀಸೆಗಳನ್ನು ಅಂಚಿನವರೆಗೆ ತುಂಬಬೇಕು. ಮುಚ್ಚಿದ ಸೀಸೆಯನ್ನು ಬುಡಮೇಲು ಮಾಡಿ ಬೆರಳಿನಿಂದ ಮೆಲ್ಲನೆ ತಟ್ಟಿದಾಗ ಗುಳ್ಳೆಯೊಂದು ಮೇಲೇರಿ ಬಂದರೆ, ಆ ಸೀಸೆಯನ್ನು ಬಿಟ್ಟು ಹೊಸದೊಂದನ್ನು ತುಂಬುವುದೇ ಒಳ್ಳೆಯದು. ಶುದ್ಧ ನೀರಿನ ಸೀಸೆಯೊಂದು ಇವುಗಳ ಜೊತೆಗೇ ಹೋಗಿ ಬರಬೇಕು. ಅದರಲ್ಲಿ ಬೆಂಜೀನ್ ಸಿಕ್ಕಿದರೆ ಅದು ಅಂತರ್ಜಲದಿಂದ ಬಂದದ್ದಲ್ಲ.

ನೆಲದೊಳಗಿನ ಸೂಕ್ಷ್ಮಜೀವಿಗಳು ಇಂಧನವನ್ನು ತಿಂದು ಕರಗಿಸುತ್ತವೆ ಎಂಬುದು ನಿಜ, ಅದು ಭರವಸೆಯ ಸಂಗತಿಯೂ ಹೌದು. ಆದರೆ ಅದಕ್ಕೆ ಸಾಕ್ಷಿ ಬೇಕು. ಅವು ಮೊದಲು ಆಮ್ಲಜನಕವನ್ನೂ, ಅದು ಮುಗಿದಂತೆ ನೈಟ್ರೇಟ್, ಮಣ್ಣಿನಲ್ಲಿ ಗಟ್ಟಿಯಾಗಿರುವ ಕಬ್ಬಿಣ, ಸಲ್ಫೇಟ್‌ಗಳನ್ನೂ ಬಳಸಿಕೊಳ್ಳುವುದರಿಂದ, ಮಾಲಿನ್ಯದ ನಡುವಿನ ಬಾವಿಯಲ್ಲಿ ನೈಟ್ರೇಟ್, ಸಲ್ಫೇಟ್ ಕಡಿಮೆಯಾಗಿ, ನೀರಿನಲ್ಲಿ ಕರಗಿದ ಕಬ್ಬಿಣ ಹೆಚ್ಚಾಗಿರಬೇಕು. ಬೆಂಜೀನ್ ಮಾತ್ರ ಇಳಿದು ಇವು ಯಾವುವೂ ಬದಲಾಗದಿದ್ದರೆ, ಮಳೆನೀರು ಸೇರಿ ತೆಳುವಾಗಿರುವ ಸಾಧ್ಯತೆಯನ್ನೇ ನಾನು ಮೊದಲು ಪರಿಶೀಲಿಸುತ್ತೇನೆ.

ಹಾಗಾಗಿ ಕಾರ್ಖಾನೆಯವರು ಮೇಲ್ವಿಚಾರಣೆಯನ್ನು ನಿಲ್ಲಿಸಬಹುದೇ ಎಂದು ಕೇಳಿದಾಗ, ಪ್ರತಿ ಬಾವಿಗೂ ನೀರಿನ ಮಟ್ಟ ಮತ್ತು ಬೆಂಜೀನ್ ಪ್ರಮಾಣ ಎರಡನ್ನೂ ಒಂದೇ ಕಾಲರೇಖೆಯಲ್ಲಿ ಬರೆದು ತರಲು ಹೇಳುತ್ತೇನೆ. ನೀರು ಅತಿ ಕೆಳಗಿದ್ದ ತಿಂಗಳುಗಳಲ್ಲೂ, ಮತ್ತೆ ತುಂಬಿ ಬಂದ ತಿಂಗಳುಗಳಲ್ಲೂ, ಒಂದಕ್ಕಿಂತ ಹೆಚ್ಚು ವರ್ಷ ಅಂಕಿ ಕೆಳಗೇ ಉಳಿದಿದ್ದರೆ ಆ ಮಾತನ್ನು ಚರ್ಚಿಸಬಹುದು. ನೀರು ತುಂಬಿದ್ದಾಗ ತೆಗೆದ ಮಾದರಿಗಳಷ್ಟೇ ಕೈಯಲ್ಲಿದ್ದರೆ, ಬರುವ ಬೇಸಿಗೆಯ ಮಾದರಿಗೆ ಕಾಯುವುದು ಅನಿವಾರ್ಯ.