ಟೀಕೆ: ಮೂಲವಿಲ್ಲದೆ ಹುಟ್ಟದ ಮಾತು

ಇಬ್ಬರು ನಾಯಕರು ಒಬ್ಬರನ್ನೊಬ್ಬರು ಪ್ರಾಣಿಗಳ ಹೆಸರು ಹಿಡಿದು ಜರೆದ ಸುದ್ದಿಗೆ ‘ಟೀಕಾಪ್ರಹಾರ’ ಎಂಬ ತಲೆಬರಹ ಇದ್ದುದನ್ನು ಕಳೆದ ವಾರ ಮುಂಬಯಿಯ ಠಾಣೆ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದೆ. ಪಕ್ಕದವರ ಮೊಬೈಲಿನ ಮರಾಠಿ ಸುದ್ದಿಯಲ್ಲಿ ಅದೇ ಪ್ರಸಂಗಕ್ಕೆ ‘ಟೀಕಾಸ್ತ್ರ’ ಎಂದಿತ್ತು. ಬೈದದ್ದನ್ನು ಬೈದರು ಎಂದೇ ಬರೆಯಲು ಕನ್ನಡಕ್ಕೆ ಪದಗಳ ಬರವಿಲ್ಲ. ಬೈಗುಳ, ನಿಂದೆ, ಮೂದಲಿಕೆ, ಲೇವಡಿ, ಹೀಗಳಿಕೆ ಎಲ್ಲವೂ ಬಳಕೆಯಲ್ಲಿವೆ, ಒಂದೊಂದಕ್ಕೂ ತನ್ನದೇ ಆದ ಬಿಸಿಯಿದೆ. ಇಷ್ಟಿದ್ದೂ ಎಲ್ಲಕ್ಕೂ ಟೀಕೆ ಎಂಬ ಒಂದೇ ಪದವನ್ನು ಹಚ್ಚುತ್ತಾ ಹೋದುದರಿಂದ ನಿಜವಾದ ಟೀಕೆಯನ್ನು ಕರೆಯಲು ಪದವೇ ಉಳಿಯದಂತಾಗಿದೆ.

ಟೀಕೆಯ ಮೊದಲ ಅರ್ಥ ವ್ಯಾಖ್ಯಾನ. ಸಂಸ್ಕೃತದ ‘ಟೀಕ್’ ಧಾತುವಿಗೆ ಹೋಗು, ಸಲ್ಲು ಎಂಬ ಅರ್ಥವಿದೆ. ಯಾವುದರ ಮೂಲಕ ಗ್ರಂಥದ ಅರ್ಥವನ್ನು ತಲುಪಬಹುದೋ ಅದು ಟೀಕಾ ಎಂದು ಹಳೆಯ ನಿಘಂಟುಕಾರರು ಬಿಡಿಸಿ ಹೇಳಿದ್ದಾರೆ. ಎಂದರೆ ಟೀಕೆ ಓದುಗನನ್ನು ಮೂಲದ ಬಳಿಗೆ ಕರೆದೊಯ್ಯುವ ದಾರಿ. ಕಾಳಿದಾಸನ ರಘುವಂಶ ಕಾವ್ಯಕ್ಕೆ ಟೀಕೆ ಬರೆಯಲು ಕುಳಿತ ಮಲ್ಲಿನಾಥನು ಆರಂಭದಲ್ಲಿಯೇ ‘ನಾಮೂಲಂ ಲಿಖ್ಯತೇ ಕಿಂಚಿತ್, ನಾನಪೇಕ್ಷಿತಮುಚ್ಯತೇ’ ಎಂದು ತನಗೆ ತಾನೇ ಕಟ್ಟು ಹಾಕಿಕೊಂಡ: ಮೂಲದಲ್ಲಿ ಇಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ. ಈ ಎರಡು ನಿಯಮಗಳನ್ನು ಇಟ್ಟುಕೊಂಡು ಇಂದಿನ ಸಂಜೆಯ ಟೀವಿ ಚರ್ಚೆಗಳನ್ನು ಜರಡಿ ಹಿಡಿದರೆ ಉಳಿಯುವುದು ಬಹಳ ಕಡಿಮೆ.

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಹಳೆಯ ಅರ್ಥ ದೂರದ್ದೇನೂ ಅಲ್ಲ. ಉಡುಪಿಯ ಕಡೆಯಿಂದ ಬಂದ ಮಾಧ್ವ ಮನೆಗಳಲ್ಲಿ ಜಯತೀರ್ಥರನ್ನು ಇಂದಿಗೂ ಟೀಕಾಚಾರ್ಯರೆಂದೇ ಕರೆಯುತ್ತಾರೆ. ಮಧ್ವರ ಅನುವ್ಯಾಖ್ಯಾನಕ್ಕೆ ನ್ಯಾಯಸುಧೆ ಎಂಬ ವ್ಯಾಖ್ಯಾನವನ್ನು ಬರೆದವರ ಮೇಲಿನ ಗೌರವ ಆ ಹೆಸರಿನಲ್ಲಿದೆ. ಅದನ್ನು ಕೇಳಿ ಯಾರೂ ಅವರು ಇನ್ನೊಬ್ಬರನ್ನು ಬೈದವರೆಂದು ತಿಳಿಯುವುದಿಲ್ಲ. ನಮ್ಮ ಅಕ್ಕಪಕ್ಕದ ಮರಾಠಿ ಮನೆಗಳಲ್ಲಿ ಪಾರಾಯಣವಾಗುವ, ಭಗವದ್ಗೀತೆಯ ಮರಾಠಿ ವ್ಯಾಖ್ಯಾನವಾದ ಜ್ಞಾನೇಶ್ವರಿಯ ಕೊನೆಯಲ್ಲಿಯೂ, ಶಕ 1212ರಲ್ಲಿ, ಅಂದರೆ ಕ್ರಿ.ಶ. 1290ರಲ್ಲಿ, ಜ್ಞಾನೇಶ್ವರರು ‘ಟೀಕಾ’ ಮಾಡಿದರು ಎಂಬ ಮಾತಿದೆ. ಹಿಂದಿನ ತಲೆಮಾರಿನವರು ಶಾಲೆಯಲ್ಲಿ ಕಾವ್ಯವನ್ನು ‘ಟೀಕು ತಾತ್ಪರ್ಯ’ದೊಂದಿಗೆ, ಎಂದರೆ ಪದಗಳ ಅರ್ಥ ಮತ್ತು ಸಾರಾಂಶದೊಂದಿಗೆ, ಓದಿದವರು.

ಅರ್ಥ ಬದಲಾದುದಕ್ಕೆ ನನ್ನ ತಕರಾರಿಲ್ಲ. ಗ್ರಂಥವೊಂದನ್ನು ಸಾಲುಸಾಲಾಗಿ ಬಿಡಿಸುವವನಿಗೆ ಅದರ ಗುಣದಂತೆ ದೋಷವೂ ಕಾಣುತ್ತದೆ, ಕಂಡದ್ದನ್ನು ಅವನು ಹೇಳುತ್ತಾನೆ. ದೋಷ ತೋರಿಸುವುದೇ ಟೀಕೆಯ ಮುಖ್ಯ ಅರ್ಥವಾಗಿ ನಿಂತದ್ದು ಸಹಜವೇ. ಈ ಎರಡೂ ಅರ್ಥಗಳು ಒಬ್ಬರ ಬಾಳಿನಲ್ಲಿಯೇ ಕೂಡಿಬಂದ ಉದಾಹರಣೆ ಈ ಊರಿನ ಹೈಕೋರ್ಟಿನ ಇತಿಹಾಸದಲ್ಲಿದೆ. ಕೇಸರಿ ಪತ್ರಿಕೆಯಲ್ಲಿ ಸರ್ಕಾರದ ಕ್ರಮಗಳನ್ನು ಟೀಕಿಸಿ ಬರೆದ ಲೇಖನಗಳಿಗಾಗಿ 1908ರಲ್ಲಿ ತಿಲಕರಿಗೆ ಅಲ್ಲಿ ಆರು ವರ್ಷಗಳ ಶಿಕ್ಷೆಯಾಯಿತು. ಮಂಡಾಲೆಯ ಸೆರೆಮನೆಯಲ್ಲಿ ಕುಳಿತು ಅವರು ಬರೆದದ್ದು ಗೀತಾರಹಸ್ಯ, ಭಗವದ್ಗೀತೆಯ ವ್ಯಾಖ್ಯಾನ. ಒಂದರಲ್ಲಿ ಅವರ ಮುಂದಿದ್ದ ಮೂಲ ಸರ್ಕಾರದ ನಡೆ, ಇನ್ನೊಂದರಲ್ಲಿ ಗೀತೆಯ ಶ್ಲೋಕ, ಎರಡರಲ್ಲಿಯೂ ಮೂಲವಿತ್ತು.

ನನ್ನ ತಕರಾರು ಮೂಲವನ್ನೇ ಕೈಬಿಟ್ಟುದರ ಬಗ್ಗೆ. ಬಜೆಟ್ಟಿನ ಒಂದು ಬಾಬನ್ನು ಹೆಸರಿಸಿ, ಕಳೆದ ವರ್ಷ ಇದಕ್ಕೆ ಕೊಟ್ಟ ಹಣ ಖರ್ಚಾಗಲಿಲ್ಲವೇಕೆ ಎಂದು ಕೇಳುವುದು ಟೀಕೆ. ಮಂತ್ರಿಗಳು ಹಣ ತಿಂದರು ಎನ್ನುವುದು ಆರೋಪ, ಅದಕ್ಕೆ ಪುರಾವೆ ಕೊಡುವ ಹೊಣೆ ಹೇಳಿದವರದು. ಮಂತ್ರಿಗಳ ಜಾತಿಯನ್ನೋ ಮೈಬಣ್ಣವನ್ನೋ ಎತ್ತಿದರೆ ಅದು ನಿಂದೆ, ಅಲ್ಲಿ ಮೂಲದ ಪ್ರಶ್ನೆಯೇ ಬರುವುದಿಲ್ಲ. ಟ್ರೇಲರ್ ಮಾತ್ರ ನೋಡಿ ಸಿನಿಮಾವನ್ನು ತೆಗಳುವುದನ್ನು ಟೀಕೆ ಎನ್ನಬಾರದು. ನೋಡದ ಸಿನಿಮಾಕ್ಕೆ ಟೀಕಾಕಾರನಿರಲು ಸಾಧ್ಯವಿಲ್ಲ.

ಪದ ಕೆಟ್ಟುದರ ನಷ್ಟವನ್ನು ಈಚೆಗೆ ಮಾಟುಂಗದಲ್ಲಿ ನಾಟಕವೊಂದರ ನಂತರ ನಡೆದ ಚರ್ಚೆಯಲ್ಲಿ ಕಣ್ಣಾರೆ ಕಂಡೆ. ಡಿಗ್ರಿ ಓದುತ್ತಿರುವ ಹುಡುಗಿಯೊಬ್ಬಳು ನಾಟಕದ ಪ್ರತಿಯನ್ನು ಕೈಯಲ್ಲಿ ಹಿಡಿದು, ಪೆನ್ಸಿಲಿನಿಂದ ಗೆರೆ ಎಳೆದಿದ್ದ ಎರಡು ಮಾತುಗಳನ್ನು ಓದಿ, ಮೊದಲ ದೃಶ್ಯದಲ್ಲಿ ತಾಯಿಗೆ ಗೊತ್ತಿದ್ದ ಸಂಗತಿ ಮೂರನೆಯ ದೃಶ್ಯದಲ್ಲಿ ಗೊತ್ತಿಲ್ಲದಂತಾಗಿದೆಯಲ್ಲ ಎಂದು ಕೇಳಿದಳು. ಮುಂದಿನ ಸಾಲಿನಿಂದ ಹಿರಿಯರೊಬ್ಬರು, “ಟೀಕೆ ಎಲ್ಲ ಬೇಡಮ್ಮ, ಎರಡು ಒಳ್ಳೆ ಮಾತಾಡಿ ಕೂತ್ಕೋ” ಎಂದರು. ಹುಡುಗಿ ಪುಟ ಮಡಚಿ ಕುಳಿತಳು. ಅವಳು ಮಾಡಿದ್ದು ಮಲ್ಲಿನಾಥನ ಅರ್ಥದಲ್ಲಿ ಶುದ್ಧವಾದ ಟೀಕೆ. ಹಿರಿಯರ ಕಿವಿಗೆ ಬಿದ್ದದ್ದು ಸುದ್ದಿಯ ತಲೆಬರಹದ ಟೀಕೆ. ನಿರ್ದೇಶಕರು ಮಾತ್ರ ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿ, ಆ ಗೆರೆ ಎಳೆದ ಪುಟಗಳ ಫೋಟೋ ತೆಗೆದುಕೊಂಡರು.