ವಾಲುವ ಹಡಗು, ಹೊರಳುವ ಮಗು

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೊರಟ ಕ್ರೂಸ್ ಹಡಗಿನಲ್ಲಿ ಅದು ನಮ್ಮ ಮೊದಲ ರಾತ್ರಿ. ಊಟ ಮುಗಿಸಿ ಕ್ಯಾಬಿನ್ನಿಗೆ ಬರುವಷ್ಟರಲ್ಲಿ ಸಿಬ್ಬಂದಿಯ ಹುಡುಗ ಗೋಡೆಗೆ ಮಡಚಿದ್ದ ಮೇಲಿನ ಬರ್ತನ್ನು ಬಿಚ್ಚಿ, ಏಣಿ ಸಿಕ್ಕಿಸಿ ಹೋಗಿದ್ದ. ತಂಗಿಯ ಮಗಳಿಗೆ ನಾಲ್ಕೂವರೆ ವರ್ಷ. ಕಂಡದ್ದೇ ತಡ, "ನಾನು ಮೇಲೆ" ಎಂದು ಏಣಿ ಹಿಡಿದಳು. ನನ್ನ ಅಮ್ಮನ ಎದೆ ಧಸಕ್ಕೆಂದಿತು. "ಬೇಡ ಕಣೇ, ಹಡಗು ವಾಲಿದ್ರೆ ಎತ್ತಿ ಒಗೆಯತ್ತೆ."

ಅಮ್ಮನ ತೀರ್ಮಾನ ಸರಿ, ಕೊಟ್ಟ ಕಾರಣ ತಪ್ಪು. ಸಮುದ್ರವನ್ನು ದೂರುತ್ತ ಕೂತರೆ ಮಗುವಿಗೆ ನಿಜವಾಗಿ ಕೇಡು ಮಾಡುವ ಎತ್ತರ, ಸಂದು, ಮೆತ್ತನೆ ಹಾಸಿಗೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಹಡಗು ಎಷ್ಟು ವಾಲುತ್ತದೆ ಎಂದು ಅಳೆಯಲು ಉಪಕರಣ ಬೇಕಿಲ್ಲ. ಕ್ಯಾಬಿನ್ ಕಾರ್ಡನ್ನು ಅದರ ಪಟ್ಟಿ ಸಮೇತ ಬೀರುವಿನ ಕೊಕ್ಕೆಗೆ ತೂಗುಹಾಕಿದೆ. ಉದ್ದ ಸುಮಾರು 50 ಸೆಂಟಿಮೀಟರ್. ಕಾರ್ಡು ಮೆಲ್ಲಗೆ ಎಡಕ್ಕೆ ಬಂತು, ನಿಂತಿತು, ಬಲಕ್ಕೆ ಹೋಯಿತು. ನಡುವಿನಿಂದ ಅತ್ತಿತ್ತ ಎರಡೂವರೆ ಸೆಂಟಿಮೀಟರಿನಷ್ಟು ಸರಿಯುತ್ತಿತ್ತು. ಅಂದರೆ 3 ಡಿಗ್ರಿಯ ಹತ್ತಿರ. ನಿಜಕ್ಕೂ ಆಡುತ್ತಿದ್ದದ್ದು ಕಾರ್ಡಲ್ಲ, ಗೋಡೆ! ಅಷ್ಟುದ್ದದ ಲೋಲಕ ಒಂದು ಸಲ ತೂಗಲು ಒಂದೂವರೆ ಸೆಕೆಂಡೂ ಬೇಡ. ದೊಡ್ಡ ಹಡಗು ಒಂದು ಸಲ ಅತ್ತಿತ್ತ ವಾಲಿ ಬರಲು ಹತ್ತು ಹದಿನೈದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಅಷ್ಟು ನಿಧಾನದ ವಾಲಾಟದಲ್ಲಿ ಕಾರ್ಡು ಭೂಮಿಯ ಮಾತು ಕೇಳುತ್ತದೆ, ಗೋಡೆ ಹಡಗಿನ ಮಾತು ಕೇಳುತ್ತದೆ. ಗಾರೆಯವರು ಗೋಡೆಯ ಪಕ್ಕ ಇಳಿಬಿಡುವ ತೂಗುಗುಂಡಿನ ಹಾಗೆ. ಕೊಡವನ್ನು ಮೆಲ್ಲಗೆ ವಾಲಿಸಿದರೂ ಒಳಗಿನ ನೀರು ಮಟ್ಟವಾಗಿಯೇ ಇರುವ ಹಾಗೆ.

ನಾವಿಕರು ಇದನ್ನು ಲೆಕ್ಕಕ್ಕಿಂತ ಮೊದಲೇ ಬೆನ್ನಿನಿಂದ ಕಲಿತಿದ್ದರು. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿನ ತೈನೋ ಜನ ತೂಗುಬಲೆಯಲ್ಲಿ (ಹ್ಯಾಮಕ್) ಮಲಗುತ್ತಿದ್ದರು. ಅದು ಯುರೋಪಿನ ಹಡಗುಗಳಿಗೆ ಹರಡಿ, 1597ರಲ್ಲಿ ಇಂಗ್ಲೆಂಡಿನ ನೌಕಾಪಡೆಯಲ್ಲೂ ಜಾರಿಗೆ ಬಂತು. ಹಡಗು ವಾಲಿದರೂ ತೂಗುಬಲೆ ನೆಟ್ಟಗೆ. 1861ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ ಹಡಗಿನ ಹೊರಳಾಟಕ್ಕೆ ಗಣಿತ ಕಟ್ಟಿದ. ಜಪಾನಿನ ಎಂಜಿನಿಯರ್ ಮೊತೊರಾ 1923ರಲ್ಲಿ ಹಡಗಿನ ಹೊಟ್ಟೆಯ ಎರಡೂ ಬದಿಗೆ ಮೀನಿನಂಥ ರೆಕ್ಕೆ ಜೋಡಿಸಿ ಆ ಹೊರಳಾಟವನ್ನು ಅಡಗಿಸಲು ಹೊರಟ. ಇಂದಿನ ಕ್ರೂಸ್ ಹಡಗುಗಳಲ್ಲಿ ಅದರದೇ ಸಂತತಿ ಇದೆ.

ಹಾಗಾದರೆ ಮಗುವಿಗೂ ಸೀರೆಯ ಜೋಲಿ ಕಟ್ಟಬಹುದಲ್ಲ, ಎಂದಿತು ಅಮ್ಮ. ಬೇಡ. ಜೋಲಿ ಬಾಗಿದಲ್ಲಿ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ. ಕ್ಯಾಬಿನ್ನಿನ ಚಾವಣಿಯೂ ಭಾರ ಹೊರಲೆಂದು ಮಾಡಿದ್ದಲ್ಲ.

3 ಡಿಗ್ರಿ ಎಂದರೆ ಸುಮಾರು 20 ಅಡಿಗೆ 1 ಅಡಿ ಏರು, ಘಾಟಿ ರಸ್ತೆಯ ಏರಿನಷ್ಟು. ಮೊರದಲ್ಲಿ ಅಕ್ಕಿ ಹಾಕಿ ಅಷ್ಟೇ ಓರೆ ಮಾಡಿ ನೋಡಿ, ಒಂದು ಕಾಳೂ ಜಾರದು. ಹತ್ತಿಯ ಹಾಸಿನ ಮೇಲೆ ಹತ್ತಿಯ ಅಂಗಿ ತೊಟ್ಟು ಮಲಗಿದ ಮಗುವೂ ಜಾರದು. ಆದರೆ ಮಕ್ಕಳು ನಿದ್ದೆಯಲ್ಲಿ ತಾವಾಗಿಯೇ ಹೊರಳುತ್ತಾರೆ, ಮನೆಯಲ್ಲೂ, ರೈಲಿನಲ್ಲೂ. ಬೀಳಿಸುವುದು ಆ ಹೊರಳು. ಪೆಟ್ಟನ್ನು ನಿರ್ಧರಿಸುವುದು ಎತ್ತರ. ಒಂದೂವರೆ ಅಡಿಯ ಸೋಫಾದಿಂದ ಬಿದ್ದರೆ ನೆಲ ತಾಗುವಾಗಿನ ವೇಗ ಗಂಟೆಗೆ 11 ಕಿಲೋಮೀಟರ್. ಐದೂವರೆ ಅಡಿಯ ಬರ್ತಿನಿಂದಾದರೆ ಸುಮಾರು 21. ಪೆಟ್ಟಿನ ಶಕ್ತಿ ಮೂರೂವರೆ ಪಟ್ಟಿಗೂ ಹೆಚ್ಚು.

ಅಮೆರಿಕದಲ್ಲಿ ಮನೆಯ ಬಂಕ್ ಮಂಚಗಳಿಗೆ 1999ರಲ್ಲಿ ರೂಪಿಸಿದ ನಿಯಮ ಆರು ವರ್ಷದೊಳಗಿನವರನ್ನು ಮೇಲೆ ಮಲಗಿಸಬೇಡಿ ಎಂದು ಎಚ್ಚರಿಸುತ್ತದೆ. ಕಟಕಟೆ ಹಾಸಿಗೆಗಿಂತ ಕನಿಷ್ಠ 5 ಇಂಚು ಎತ್ತರ ಇರಬೇಕು, ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಬೇಕು. ಮೂರೂವರೆ ಯಾಕೆ? ಚಿಕ್ಕ ಮಕ್ಕಳ ತಲೆ ಮೈಗಿಂತ ದಪ್ಪ. ಕಾಲು, ಸೊಂಟ, ಎದೆ ನುಸುಳಿ ಹೋಗುತ್ತವೆ, ತಲೆ ಸಿಕ್ಕಿಕೊಳ್ಳುತ್ತದೆ, ಮೈಯ ಭಾರವೆಲ್ಲ ಕೊರಳ ಮೇಲೆ. ಮಂಚಕ್ಕೂ ಗೋಡೆಗೂ ನಡುವೆ ಉಳಿಯುವ ಸಂದನ್ನು ನಾನು ಇದೇ ಕಣ್ಣಿನಿಂದ ನೋಡುತ್ತೇನೆ.

ತಂಗಿಯ ಎರಡನೆಯದು ಒಂಬತ್ತು ತಿಂಗಳ ಗಂಡು. (ಬಹುತೇಕ ಹಡಗುಗಳು ಆರು ತಿಂಗಳೊಳಗಿನ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ, ಮಹಾಸಾಗರ ದಾಟುವ ಯಾನಕ್ಕೆ ವರ್ಷವಾದರೂ ತುಂಬಿರಬೇಕು.) ಟಿಕೆಟ್ ಮಾಡಿಸುವಾಗಲೇ ಕೇಳಿದ್ದರಿಂದ ಅವನಿಗೆ ಬಲೆಗೋಡೆಯ ಮಡಚುವ ತೊಟ್ಟಿಲು ಸಿಕ್ಕಿತ್ತು. ಹಾಸು ತೆಳ್ಳಗೆ, ಗಟ್ಟಿ. "ಪಾಪ, ಬೆನ್ನು ನೋಯತ್ತೆ" ಎಂದು ಅಮ್ಮ ಕೌದಿ ಮಡಚಿ ಹಾಸಿ, ಸುತ್ತ ನಾಲ್ಕು ದಿಂಬು ಇಟ್ಟಿತು. ನಾನು ಎಲ್ಲವನ್ನೂ ತೆಗೆದೆ. ಕೂಸು ಮೆತ್ತಗಿನದಕ್ಕೆ ಮುಖ ಹುದುಗಿಸಿದರೆ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಗಟ್ಟಿ ಹಾಸು, ಅಂಗಾತ ಮಲಗಿಸುವುದು, ಪಕ್ಕದಲ್ಲಿ ಏನೂ ಇಡದಿರುವುದು. ಅಮೆರಿಕದಲ್ಲಿ ಅಂಗಾತ ಮಲಗಿಸಿ ಎಂಬ ಆಂದೋಲನ 1994ರಲ್ಲಿ ಶುರುವಾದ ಮೇಲೆ ಕೂಸುಗಳ ಹಠಾತ್ ಸಾವು ಅರ್ಧಕ್ಕೂ ಕೆಳಗಿಳಿಯಿತು.

ತಲೆಯ ಬಳಿ ಇಡಲೆಂದು ಅಮ್ಮ ತಂದಿದ್ದ ಅಡಕತ್ತರಿ ಬಂದರಿನ ತಪಾಸಣೆಯಲ್ಲೇ ಉಳಿದಿತ್ತು. ಕೂಸಿನ ಕೊರಳಲ್ಲಿ ದೃಷ್ಟಿಯ ಕಪ್ಪುದಾರ ಮಾತ್ರ ಇತ್ತು. ತೊಟ್ಟಿಲಿನ ಕೊಂಡಿಗೆ ಅದು ಸಿಕ್ಕಿಕೊಂಡರೆ ಕಾಯುವ ದಾರವೇ ಕುಣಿಕೆಯಾಗುತ್ತದೆ. ದೃಷ್ಟಿಗೆ ನಾವು ಅಂಜುವಷ್ಟು ಆ ಕುಣಿಕೆಗೆ ಅಂಜುವುದಿಲ್ಲವಲ್ಲ ಎಂಬುದು ನನ್ನ ಸಂಕಟ. ಅಮ್ಮನಿಗೆ ತೋರಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಬಿಚ್ಚಿ ಪರ್ಸಿಗೆ ಹಾಕಿಕೊಂಡಿತು.

ದೊಡ್ಡವಳನ್ನು ಸೋಫಾದಲ್ಲಿ ಮಲಗಿಸಿ, ಕೆಳಗೆ ನೆಲಕ್ಕೆ ಆ ಕೌದಿಯನ್ನೇ ಹಾಸಿದೆವು. ಮೇಲಿನ ಬರ್ತಿಗೆ ನಾನೇ ಹತ್ತಿದೆ.

ರಾತ್ರಿ ಎರಡರ ಸುಮಾರಿಗೆ ಧೊಪ್ಪೆಂದಿತು. ಬಗ್ಗಿ ಮೊಬೈಲ್ ಬೆಳಕು ಬಿಟ್ಟೆ. ಅವಳು ಕೌದಿಯ ಮೇಲೆ ಮಗ್ಗುಲಾಗಿ ಮಲಗಿದ್ದಳು, ಎಚ್ಚರವೂ ಆಗಿರಲಿಲ್ಲ. ಬೆಳಕನ್ನು ಬೀರುವಿನ ಕಡೆ ತಿರುಗಿಸಿದೆ. ಸಮುದ್ರ ಶಾಂತವಾಗಿತ್ತು, ಕೊಕ್ಕೆಯಲ್ಲಿ ಕಾರ್ಡು ಅಲುಗದೆ ನಿಂತಿತ್ತು.