‘ಬಾಧಕಮಲ್ಲ’ ಅಂದರೆ ಅಡ್ಡಿಯಿಲ್ಲ ಅಂತಲ್ಲ

ಕಾಸರಗೋಡು, ಕುಂಬಳೆ, ಉಪ್ಪಳದ ಸೂಪರ್ ಮಾರ್ಕೆಟುಗಳ ಕೂಪನ್ನುಗಳಲ್ಲಿ ರಿಯಾಯಿತಿಯ ಅಂಕೆ ದಪ್ಪಕ್ಕಿರುತ್ತದೆ, ಷರತ್ತು ಕೆಳಗೆ ಸಣ್ಣ ಮಲಯಾಳ ಅಕ್ಷರದಲ್ಲಿ. ಎಣ್ಮಕಜೆ, ಪೈವಳಿಕೆ ಕಡೆಯ ಕನ್ನಡದ ಮನೆಯವರು ಅಕ್ಷರ ಕೂಡಿಸಿ ಓದಿದರೂ ಅರ್ಥ ಕೈಕೊಡುತ್ತದೆ. ‘ಬಾಧಕಂ’ ಅಂದರೆ ಮಲಯಾಳದಲ್ಲಿ ಅನ್ವಯಿಸುತ್ತದೆ ಎಂದು. ‘ಅಕ್ಕಿ, ಸಕ್ಕರೆ, ಎಣ್ಣೆಗೆ ಬಾಧಕಮಲ್ಲ’ ಎಂದಿದ್ದರೆ ಅವುಗಳಿಗೆ ಅಡ್ಡಿಯಿಲ್ಲ ಅಂತಲ್ಲ, ಆ ಮೂರಕ್ಕೂ ಕೂಪನ್ ನಡೆಯುವುದಿಲ್ಲ ಅಂತ. ‘ಕುರಞ್ಞತ್ 1000’ ಅಂದರೆ ಸಾವಿರ ರೂಪಾಯಿ ಕಡಿತವಲ್ಲ, ಕನಿಷ್ಠ ಸಾವಿರದ ಸಾಮಾನು ಕೊಳ್ಳಬೇಕು ಎಂದು. ‘ಸೌಜನ್ಯಂ’ ಎಂದರೆ ಪುಕ್ಕಟೆ. ಈ ಮೂರು ಪದ ನೆನಪಿದ್ದರೆ ಬಿಲ್ಲಿನ ಎದುರು ನಿಂತು ಪೆಚ್ಚಾಗುವ ಪ್ರಸಂಗ ಬಹಳ ಕಡಿಮೆಯಾಗುತ್ತದೆ.

ಕೂಪನ್ ಹಿಡಿದು ಹೊರಡುವ ಮೊದಲು ಮಾವೇಲಿ ಸ್ಟೋರಿನ ಬೋರ್ಡು ನೋಡಿ. ಅದನ್ನು ನಡೆಸುವ ಕೇರಳ ಸರಕಾರದ ಸಪ್ಲೈಕೋ ನಿಗಮ 13 ಸಾಮಾನುಗಳನ್ನು ಸಬ್ಸಿಡಿಯಲ್ಲಿ ಕೊಡುತ್ತದೆ: ಹೆಸರು, ಉದ್ದು, ಕಡಲೆ, ತೊಗರಿ, ಮೆಣಸು, ಕೊತ್ತಂಬರಿ, ಸಕ್ಕರೆ, ತೆಂಗಿನೆಣ್ಣೆ, ಅಕ್ಕಿ ಇತ್ಯಾದಿ. ರೇಷನ್ ಕಾರ್ಡು ಬೇಕು, ತಿಂಗಳಿಗೆ ಇಷ್ಟೇ ಎಂಬ ಮಿತಿಯೂ ಇದೆ. ಅಲ್ಲಿ ಸಿಕ್ಕಿದ್ದನ್ನು ಸಾಮಾನಿನ ಚೀಟಿಯಿಂದ ಹೊಡೆದುಹಾಕಿ, ಉಳಿದ ಜೀನಸಿಗೆ ಮಾತ್ರ ಕೂಪನ್ ಲೆಕ್ಕ ಹಾಕಿ.

ಲೆಕ್ಕ ಹೀಗೆ. ‘10% ಕಡಿತ, ಹೆಚ್ಚೆಂದರೆ 100 ರೂ., ಕನಿಷ್ಠ ಖರೀದಿ 1000’ ಎಂದಿದೆ. ನಿಮ್ಮ ಚೀಟಿ 820ಕ್ಕೆ ನಿಂತಿದೆ. ಬಿಸ್ಕೆಟು, ಸಾಸು ಎಂದು 180 ರೂಪಾಯಿಯದ್ದು ತುಂಬಿಸಿ ಸಾವಿರ ಮಾಡಿದರೆ ಕೊಡುವುದು 900. ನೂರು ಉಳಿಯಲಿಲ್ಲ, ಎಂಬತ್ತು ಹೆಚ್ಚು ಹೋಯಿತು. ಮುಂದಿನ ತಿಂಗಳು ಹೇಗೂ ಬೇಕಾಗುವ ಸಾಬೂನು, ಉಪ್ಪು ಇದ್ದರೆ ಮಾತ್ರ ತುಂಬಿಸಿ. ಅದೇ ಕೂಪನ್ 2000ದ ಬಿಲ್ಲಿಗೆ ಕೊಟ್ಟರೂ ಸಿಗುವುದು ನೂರೇ, ಅಂದರೆ 5% ಮಾತ್ರ. ಒಂದು ದಿನಕ್ಕೆ ಒಂದೇ ಎಂಬ ಷರತ್ತು ಇಲ್ಲದಿದ್ದರೆ, ಕೈಯಲ್ಲಿ ಎರಡು ಕೂಪನ್ ಇದ್ದರೆ, ಎರಡು ಬಿಲ್ ಮಾಡಿಸಿ. ಬಿಲ್ ಮಾಡಲು ತೊಡಗುವ ಮೊದಲೇ ಕೂಪನ್ ಮುಂದಿಡಿ.

‘ಮುಂದಿನ ಖರೀದಿಗೆ 100 ರೂ. ಕಡಿತ, 15 ದಿನದೊಳಗೆ’ ಎಂಬ ಕೂಪನ್ನುಗಳು ಹೆಚ್ಚಾಗಿ ಡಬ್ಬದಲ್ಲೇ ಅವಧಿ ಮೀರುತ್ತವೆ, ಯಾಕೆಂದರೆ ನಮ್ಮಲ್ಲಿ ತಿಂಗಳಿಗೊಮ್ಮೆ ಒಟ್ಟಿಗೆ ಸಾಮಾನು ತರುವುದು ರೂಢಿ. ಪಟ್ಟಿಯನ್ನು ಎರಡು ಮಾಡಿ: ಅಕ್ಕಿ, ಬೇಳೆ ಮೊದಲ ಸಲ, ಸಾಬೂನು, ಚಾಹುಡಿ, ಮಸಾಲೆ ಎರಡನೇ ಸಲ.

ಇನ್ನು ಬೆಲೆಯ ಹೋಲಿಕೆ. ಕೂಪನ್ನಿನ ಶೇಕಡಾವನ್ನು ಎಂಆರ್‌ಪಿಯ ಮೇಲೆ ಹಾಕಿರಬಹುದು, ಪಕ್ಕದ ಅಂಗಡಿಯವರು ಎಂಆರ್‌ಪಿಗಿಂತ ಕಡಿಮೆಗೇ ಮಾರುತ್ತಿರಬಹುದು. ಹಾಗಾಗಿ ಕಡಿತ ಕಳೆದು ಉಳಿದ ಮೊತ್ತವನ್ನು ತೂಕದಿಂದ ಭಾಗಿಸಿ ನೋಡಿ. ಪೊಟ್ಟಣದ ಮೇಲೆಯೇ ತೂಕದ ಲೆಕ್ಕದ ದರ ಮುದ್ರಿಸಿರುತ್ತಾರೆ, ಆದರೆ ಒಂದು ಕಿಲೋಗಿಂತ ಚಿಕ್ಕದಕ್ಕೆ ಗ್ರಾಮಿನ ಲೆಕ್ಕ, ದೊಡ್ಡದಕ್ಕೆ ಕಿಲೋ ಲೆಕ್ಕ. ಗ್ರಾಮಿಗೆ 0.24 ಎಂದಿದ್ದರೆ ಅದು ಕಿಲೋಗೆ 236 ಇರಬಹುದು, 244ಊ ಇರಬಹುದು. ಪೈಸೆಗೆ ಸರಿಹೊಂದಿಸುವಾಗ ಆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಮೊಬೈಲಿನಲ್ಲೇ ಭಾಗಿಸುವುದು ಒಳ್ಳೆಯದು.

ತೆಂಗಿನೆಣ್ಣೆಯಲ್ಲಿ ಇನ್ನೂ ಜಾಗ್ರತೆ ಬೇಕು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 800 ಗ್ರಾಮಿನ ಪೊಟ್ಟಣ ನೋಟಕ್ಕೆ ಲೀಟರಿನಂತಿದ್ದರೂ ಸುಮಾರು 880 ಮಿಲಿ ಅಷ್ಟೆ. ಲೀಟರಿಗೆ 400 ರೂಪಾಯಿ ಇರುವಾಗ ಅಷ್ಟು ಎಣ್ಣೆಯ ಬೆಲೆ 352. ‘380ರ ಪೊಟ್ಟಣಕ್ಕೆ 20 ರೂ. ಕಡಿತ’ ಎಂಬ ಕೂಪನ್ ಬಳಸಿದರೂ 8 ರೂಪಾಯಿ ನಷ್ಟವೇ.

ಜೋರು ಮಳೆಯ ಆಟಿ ತಿಂಗಳಲ್ಲಿ ಮಾತ್ರ ಹೆಚ್ಚು ತಂದಿಡಬೇಡಿ. ಆ ತಂಡಿಗೆ ರವೆ, ಗೋಧಿಹಿಟ್ಟು ಗಂಟು ಕಟ್ಟುತ್ತದೆ, ಹುಳ ಬೀಳುತ್ತದೆ. ಎರಡನೇ ಪೊಟ್ಟಣ ಸೌಜನ್ಯಂ ಎಂದಿದ್ದರೆ ಪಕ್ಕದ ಮನೆಯವರೊಡನೆ ಪಾಲು ಮಾಡಿಕೊಂಡು ತನ್ನಿ.